ಕೈ ಕಲಿತ ದಾರಿ ರಾತ್ರೋರಾತ್ರಿ ಬದಲಾದಾಗ

ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 56 ವರ್ಷ. ಶಹಾಪುರದಲ್ಲಿ 23 ವರ್ಷಗಳಿಂದ ಅರ್ಜಿ, ಕರಾರು ಪತ್ರ, ವಾಟ್ನಿ (ಆಸ್ತಿ ಹಂಚಿಕೆ) ಪತ್ರಗಳನ್ನು ಟೈಪ್ ಮಾಡಿಕೊಡುವ ಕೆಲಸ ನನ್ನದು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಕೀಲಿಮಣೆ ನೋಡದೆ ಟೈಪ್ ಮಾಡುತ್ತೇನೆ. ಒಂದೂವರೆ ತಿಂಗಳ ಹಿಂದೆ ಕಂಪ್ಯೂಟರ್ ನಿಧಾನವಾಗಿದೆ ಎಂದು ರಿಪೇರಿಗೆ ಕೊಟ್ಟೆ. ಅಂಗಡಿಯವರು ನನ್ನನ್ನು ಒಂದು ಮಾತೂ ಕೇಳದೆ ವಿಂಡೋಸ್ 10 ಇದ್ದದ್ದನ್ನು ವಿಂಡೋಸ್ 11 ಮಾಡಿ ಕಳುಹಿಸಿದರು. ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ಈಗ ನಡುವೆ ಬಂದು ಕುಳಿತಿದೆ. ಕೆಳಗಿನ ಪಟ್ಟಿಯಲ್ಲಿ ತೆರೆದ ಕಡತಗಳ ಹೆಸರು ಕಾಣುವುದಿಲ್ಲ. ನಾಲ್ಕು ಕಡತ ತೆರೆದರೂ ಒಂದೇ ಚಿಹ್ನೆ. ಮೌಸ್‌ನ ಬಲಗುಂಡಿ ಒತ್ತಿದರೆ ಕಾಪಿ, ಕಟ್ ಎಂಬ ಪದಗಳೇ ಇಲ್ಲ, ಏನೋ ಚಿಕ್ಕ ಚಿತ್ರಗಳಿವೆ. ನನ್ನ ಕೆಲವು ಹಳೆಯ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತಿವೆ. ಹೋದ ವಾರ ಒಬ್ಬರ ಇ-ಸ್ಟಾಂಪ್ ಕಾಗದದ ಮೇಲೆ ಇನ್ನೊಬ್ಬರ ವಾಟ್ನಿ ಪತ್ರ ಮುದ್ರಿಸಿಬಿಟ್ಟೆ. ಕಾಗದದ ಹಣವನ್ನು ನಾನೇ ಭರಿಸಿದೆ. ಹಣ ಹೋದ ಚಿಂತೆಯಿಲ್ಲ, ಆದರೆ ಹೊಲ ಹಂಚಿಕೊಳ್ಳಲು ಬಂದ ಅಣ್ಣತಮ್ಮಂದಿರ ಮುಂದೆ ನನ್ನ ಕೈ ನಡುಗಿತು. ಹಳೆಯ ರೂಪವನ್ನು ಮರಳಿ ತರಬಹುದೇ? ಅಥವಾ ನನಗೇ ವಯಸ್ಸಾಗಿ ಬುದ್ಧಿ ಮಂದವಾಗುತ್ತಿದೆಯೇ?

– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಪತ್ರದಲ್ಲಿ ನನ್ನನ್ನು ಬಾಧಿಸಿದ್ದು ಅದೇ. ಇಲ್ಲ, ನಿಮ್ಮ ಬುದ್ಧಿ ಮಂದವಾಗಿಲ್ಲ. ಮಂದವಾಗಿದ್ದರೆ ಇಂದಿಗೂ ಕೀಲಿಮಣೆ ನೋಡದೆ ಒತ್ತಕ್ಷರ ಹೊಡೆಯಲು ನಿಮಗೆ ಆಗುತ್ತಿರಲಿಲ್ಲ. ನಿಮ್ಮ ಕೈ ಸರಿಯಾದ ಜಾಗಕ್ಕೇ ಹೋಗುತ್ತಿದೆ. ಆ ಜಾಗದಲ್ಲಿ ಇರಬೇಕಾದ ವಸ್ತುವನ್ನು ಬೇರೆಯವರು ಎತ್ತಿಟ್ಟಿದ್ದಾರೆ.

ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವವರನ್ನು ನೋಡಿ. ಹಿಟ್ಟಿನ ಉಂಡೆ, ಒಣಹಿಟ್ಟು, ನೀರಿನ ಬಟ್ಟಲು, ಅದರಲ್ಲಿ ಅದ್ದಿದ ಬಟ್ಟೆ, ಎಲ್ಲಕ್ಕೂ ಒಂದೊಂದು ಜಾಗ ಇರುತ್ತದೆ. ನನ್ನ ತಾಯಿ ರೊಟ್ಟಿ ಬಡಿಯುತ್ತಲೇ ನಮ್ಮ ಶಾಲೆಯ ಸುದ್ದಿ ಕೇಳುತ್ತಿದ್ದರು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಕೈ ತಾನಾಗಿ ಎಡಕ್ಕೆ ಹೋಗುತ್ತಿತ್ತು. ಒಮ್ಮೆ ಮನೆಗೆ ಬಂದ ನೆಂಟರು ಸಹಾಯ ಮಾಡಲು ಕುಳಿತು ಬಟ್ಟಲನ್ನು ಬಲಕ್ಕೆ ಇಟ್ಟರು. ಅಂದು ಎರಡು ರೊಟ್ಟಿ ಸೀದವು. ಅಮ್ಮನಿಗೆ ರೊಟ್ಟಿ ಮಾಡುವುದು ಮರೆತುಹೋಯಿತೇ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಬಟ್ಟಲನ್ನು ಮತ್ತೆ ಎಡಕ್ಕೆ ಇಟ್ಟರು, ಅಷ್ಟೆ.

ಕೈಗೆ ಇರುವ ಈ ನೆನಪು ಬಹಳ ಗಟ್ಟಿ. ನಮ್ಮ ಊರಿನ ಹೆಸರು ಗುಲಬರ್ಗಾ ಹೋಗಿ ಕಲಬುರಗಿ ಎಂದು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ನನಗೆ ಆ ಹೆಸರು ಬಹಳ ಪ್ರಿಯ, ಬಾಯಿಗೆ ಬರುವುದೂ ಅದೇ. ಆದರೂ ಅವಸರದಲ್ಲಿ ವಿಳಾಸ ಟೈಪ್ ಮಾಡುವಾಗ ಇಂದಿಗೂ ಬೆರಳು ಕೆಲವೊಮ್ಮೆ ಗುಲಬರ್ಗಾ ಎಂದೇ ಹೊಡೆದಿರುತ್ತದೆ. ಮನಸ್ಸು ಒಪ್ಪಿದ ಬದಲಾವಣೆಗೇ ಬೆರಳು ಇಷ್ಟು ಕಾಲ ತೆಗೆದುಕೊಳ್ಳುತ್ತದೆ. ಯಾರೂ ಕೇಳದೆ ಮಾಡಿದ ಬದಲಾವಣೆಗೆ ನೀವು ಒಂದೂವರೆ ತಿಂಗಳಲ್ಲಿ ಹೊಂದಿಕೊಳ್ಳಲಿಲ್ಲ ಎಂದು ಏಕೆ ಕೊರಗಬೇಕು?

ಬದಲಾವಣೆಯ ವಿರೋಧಿ ನಾನಲ್ಲ. 1995ರಲ್ಲಿ ಕಲಬುರಗಿಯ ಒಂದು ಟೈಪಿಂಗ್ ಶಾಲೆಯಲ್ಲಿ ಕನ್ನಡ ಬೆರಳಚ್ಚು ಕಲಿತೆ. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಯಂತ್ರ. ಒಂದಕ್ಷರ ತಪ್ಪಿದರೆ ಬಿಳಿ ದ್ರವ ಹಚ್ಚಿ ಒಣಗಲು ಕಾಯಬೇಕು, ಒಂದು ಸಾಲು ಬಿಟ್ಟುಹೋದರೆ ಇಡೀ ಹಾಳೆಯನ್ನು ಮತ್ತೆ ಹೊಡೆಯಬೇಕು. ಆಮೇಲೆ ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ರೂಪಿಸುವ ಕೆಲಸಕ್ಕೆ ಸೇರಿದಾಗ ಎದುರಾದದ್ದು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮ್ಮೆಲ್ಲರ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಎರಡು ತಿಂಗಳು ನನ್ನ ಬೆರಳು ಹಳೆಯ ಕೀಲಿಗಳ ಕಡೆಗೇ ಓಡಿತು. ರಾತ್ರಿ ಊಟಕ್ಕೆ ಕುಳಿತಾಗಲೂ ತಾಟಿನ ಅಂಚಿನ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡಿದ್ದೇನೆ. ಅದಕ್ಕೆ ಪ್ರತಿಯಾಗಿ ಏನು ಸಿಕ್ಕಿತು ಎಂದು ನಿಮಗೆ ಹೇಳಬೇಕಿಲ್ಲ: ಒಂದು ವ್ಯಂಜನಕ್ಕೆ ಒಂದೇ ಕೀಲಿ, ಗುಣಿತ ತಾನಾಗಿ ಕೂಡಿಕೊಳ್ಳುತ್ತದೆ, ನಡುವೆ ಎಫ್ ಒತ್ತಿದರೆ ಒತ್ತಕ್ಷರ ಸಿದ್ಧ. ತಪ್ಪನ್ನು ಅಳಿಸಿದರೆ ಕಾಗದದ ಮೇಲೆ ಗುರುತೂ ಇಲ್ಲ. ಎರಡು ತಿಂಗಳ ಕಷ್ಟವನ್ನು ಆ ಸುಖ ತೀರಿಸಿತು.

ಸ್ಟಾರ್ಟ್ ಗುಂಡಿ ಎಡ ಮೂಲೆಯಿಂದ ನಡುವಿಗೆ ಬಂದದ್ದರಿಂದ ನಿಮ್ಮ ವಾಟ್ನಿ ಪತ್ರಕ್ಕೆ ಏನು ಸಿಕ್ಕಿತು? ಹೆಸರುಗಳನ್ನು ಮುಚ್ಚಿದ್ದರಿಂದ ನಿಮ್ಮ ಅರ್ಜಿಗೆ ಏನು ಸಿಕ್ಕಿತು? ಒಂದು ಬದಲಾವಣೆ ನಮ್ಮಿಂದ ಏನನ್ನಾದರೂ ತೆಗೆದುಕೊಳ್ಳುವಾಗ ಏನನ್ನಾದರೂ ಕೊಡಬೇಕು. ಕೊಡಲು ಏನೂ ಇಲ್ಲದಿದ್ದರೆ ಕನಿಷ್ಠ ಕೇಳಬೇಕು. ಪರದೆಯ ಯಾವ ಮೂಲೆಯಲ್ಲಿ ಏನಿದೆ ಎಂಬ ತಿಳಿವಳಿಕೆ ನೀವು ವರ್ಷಗಟ್ಟಲೆ ದುಡಿದು ಗಳಿಸಿದ ಆಸ್ತಿ. ಅದು ಯಂತ್ರದಲ್ಲಿ ಇಲ್ಲ, ನಿಮ್ಮ ಕೈಯಲ್ಲಿದೆ. ಅದನ್ನು ಕೇಳದೆ ನಿರುಪಯೋಗಿ ಮಾಡುವ ಹಕ್ಕು ರಿಪೇರಿ ಅಂಗಡಿಗೂ ಇಲ್ಲ, ತಂತ್ರಾಂಶ ಬರೆಯುವವರಿಗೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆ ಎಡ ಮೂಲೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಕೈ ಒಂದು ಗುರಿಯನ್ನು ಮುಟ್ಟಲು ಬೇಕಾಗುವ ಸಮಯವು ಗುರಿ ಎಷ್ಟು ದೂರ, ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ ಎಂದು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ 1954ರಲ್ಲೇ ಅಳೆದು ತೋರಿಸಿದರು. ಪರದೆಯ ಮೂಲೆಗೆ ಒಂದು ವಿಶೇಷ ಅನುಕೂಲವಿದೆ: ಮೌಸ್ ಅನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಅಲ್ಲೇ ನಿಲ್ಲುತ್ತದೆ, ದಾಟಿಹೋಗುವುದಿಲ್ಲ. ಆದ್ದರಿಂದ ಗುರಿಯಿಡದೆ, ಕಣ್ಣು ಹಾಯಿಸದೆ ಅಲ್ಲಿಗೆ ತಲುಪಬಹುದು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಸ್ಟಾರ್ಟ್ ಗುಂಡಿಯನ್ನು ಆ ಮೂಲೆಯಲ್ಲಿ ಇಟ್ಟಿತು. ನಡುವೆ ಇಟ್ಟರೆ ಪ್ರತಿ ಸಲವೂ ಗುರಿಯಿಟ್ಟು ಒತ್ತಬೇಕು. ಅದಕ್ಕಿಂತ ತೊಂದರೆ ಎಂದರೆ, ನಡುವಿನ ಸಾಲಿನಲ್ಲಿ ಹೊಸ ಚಿಹ್ನೆ ಸೇರಿದಂತೆಲ್ಲ ಸ್ಟಾರ್ಟ್ ಗುಂಡಿ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಒಂದು ಕಡೆ ನಿಲ್ಲದ ವಸ್ತುವನ್ನು ಕೈ ಕಲಿಯುವುದಾದರೂ ಹೇಗೆ?

ಈಗ ಕೆಲಸಕ್ಕೆ ಬರೋಣ. ಇದನ್ನು ಭಾನುವಾರ, ಗಿರಾಕಿ ಯಾರೂ ಎದುರಿಗೆ ಕುಳಿತಿರದ ಹೊತ್ತಿನಲ್ಲಿ ಮಾಡಿ. ಒಂದು ಗಂಟೆ ಸಾಕು.

ಮೊದಲು ನಿಮ್ಮಲ್ಲಿ ಯಾವ ಆವೃತ್ತಿ ಇದೆ ಎಂದು ತಿಳಿಯಬೇಕು. ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಆರ್ ಒತ್ತಿ. ಚಿಕ್ಕ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರ ಹೊಡೆದು ಎಂಟರ್ ಒತ್ತಿದರೆ ಆವೃತ್ತಿ ಕಾಣುತ್ತದೆ. ಕಾಪಿ, ಕಟ್ ಎಂಬ ಪದಗಳಿಲ್ಲದೆ ಬರೀ ಚಿತ್ರ ಕಾಣುತ್ತಿದೆ ಎಂದು ನೀವು ಬರೆದಿದ್ದೀರಿ. ಆ ಚಿತ್ರಗಳ ಕೆಳಗೆ ಹೆಸರು ಸೇರಿಸಿದ್ದು 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಲ್ಲಿ. ಹಾಗಾದರೆ ನಿಮಗೆ ಅಂಗಡಿಯವರು ಯಾವುದೋ ಹಳೆಯ ಪೆನ್‌ಡ್ರೈವ್‌ನಿಂದ ಹಳೆಯ ಆವೃತ್ತಿಯನ್ನು ಹಾಕಿರಬೇಕು. ಅದಕ್ಕೂ ಹಿಂದಿನ 23ಎಚ್2 ಆಗಿದ್ದರೂ ಮನೆ ಮತ್ತು ಸಣ್ಣ ಅಂಗಡಿಗಳಲ್ಲಿ ಬಳಸುವ ಹೋಮ್, ಪ್ರೊ ಪ್ರತಿಗಳಿಗೆ 2025ರ ನವೆಂಬರ್ 11ಕ್ಕೆ ಭದ್ರತಾ ನವೀಕರಣ ಮುಗಿದಿದೆ. ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಹೊಸ ಆವೃತ್ತಿಗೆ ಹೋಗಿ. ಮತ್ತೆ ಬದಲಾವಣೆಯೇ ಎಂದು ಹೆದರಬೇಡಿ; ಈ ಸಲದ ಬದಲಾವಣೆ ನೀವು ಕಳೆದುಕೊಂಡದ್ದರಲ್ಲಿ ಕೆಲವನ್ನು ಹಿಂದಿರುಗಿಸುತ್ತದೆ.

ನಂತರ ಕೆಳಗಿನ ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಆರಿಸಿ. ಒಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂಬ ಸಾಲು ಬಿಚ್ಚಿದರೆ ಮೊದಲಿಗೇ ಅಲೈನ್‌ಮೆಂಟ್ ಇದೆ. ಅದನ್ನು ಲೆಫ್ಟ್ ಮಾಡಿ. ಸ್ಟಾರ್ಟ್ ಗುಂಡಿ ತನ್ನ ಮೂಲೆಗೆ ಮರಳುತ್ತದೆ. ಅದೇ ಪುಟದಲ್ಲಿ ಕೆಳಗೆ ಗುಂಡಿಗಳನ್ನು ಕೂಡಿಸಿ ಹೆಸರು ಮುಚ್ಚುವ ಕುರಿತು ಒಂದು ಆಯ್ಕೆ ಇರುತ್ತದೆ. ಕಂಬೈನ್ ಎಂಬ ಪದದಿಂದ ಆರಂಭವಾಗುತ್ತದೆ. ಅದನ್ನು ನೆವರ್ ಮಾಡಿ. ನಾಲ್ಕು ಕಡತ ತೆರೆದರೆ ನಾಲ್ಕು ಹೆಸರು ಸಾಲಾಗಿ ಕಾಣುತ್ತವೆ. ನಿಮ್ಮ ಪತ್ರದಲ್ಲಿನ ಎಲ್ಲ ದೂರುಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಗಂಭೀರವಾದದ್ದು ಇದು. ಮೂಲೆ ಬಿಟ್ಟ ಗುಂಡಿ ಸಮಯ ಕಳೆಯುತ್ತದೆ, ಮುಚ್ಚಿದ ಹೆಸರು ಒಬ್ಬರ ಹೊಲದ ಸರ್ವೆ ನಂಬರನ್ನು ಇನ್ನೊಬ್ಬರ ಪತ್ರಕ್ಕೆ ಸೇರಿಸುತ್ತದೆ. ಹೆಸರು ಇದ್ದಾಗಲೂ ಒಂದು ರೂಢಿ ಮಾಡಿಕೊಳ್ಳಿ: ಕಡತದ ಹೆಸರು ಗಿರಾಕಿಯ ಹೆಸರಿನಿಂದಲೇ ಆರಂಭವಾಗಲಿ, ಹಿಂದೆ ಸರ್ವೆ ನಂಬರ್ ಬರಲಿ. ಸ್ಟಾಂಪ್ ಕಾಗದವನ್ನು ಪ್ರಿಂಟರ್‌ಗೆ ಇಡುವ ಮೊದಲು ಉಳಿದ ಕಡತಗಳನ್ನು ಮುಚ್ಚಿಬಿಡಿ. ನಾನು ಡಿಟಿಪಿ ಮಾಡುತ್ತಿದ್ದ ದಿನಗಳಲ್ಲಿ ಮದುವೆ ಪತ್ರಿಕೆಗಳಿಗೂ ಇದೇ ಕ್ರಮ ಇಟ್ಟುಕೊಂಡಿದ್ದೆ.

ಬಲಗುಂಡಿಯ ಹಳೆಯ ಪಟ್ಟಿ ಬೇಕಿದ್ದರೆ ಶಿಫ್ಟ್ ಕೀಲಿ ಹಿಡಿದು ಬಲಗುಂಡಿ ಒತ್ತಿ, ಪೂರ್ತಿ ಪಟ್ಟಿ ನೇರವಾಗಿ ತೆರೆಯುತ್ತದೆ. ಹಳೆಯ ಪಟ್ಟಿಯೇ ಸದಾ ಬರುವಂತೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ಸ್ ಕೋಶವಾದ ರಿಜಿಸ್ಟ್ರಿಯಲ್ಲಿ ತಿದ್ದಬಹುದು, ಹೊರಗಿನ ತಂತ್ರಾಂಶ ಹಾಕಿ ಇಡೀ ಸ್ಟಾರ್ಟ್ ಪಟ್ಟಿಯನ್ನೇ ಬದಲಿಸಬಹುದು. ಹೊಟ್ಟೆಪಾಡಿನ ಯಂತ್ರದಲ್ಲಿ ಇವೆರಡನ್ನೂ ನಾನು ಸೂಚಿಸುವುದಿಲ್ಲ. ಮುಂದಿನ ನವೀಕರಣ ಬಂದಾಗ ಅವು ಕೆಡಬಹುದು, ಆಗ ನೀವು ಮತ್ತೆ ಅದೇ ರಿಪೇರಿ ಅಂಗಡಿಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಅದರ ಬದಲು ನಿಮ್ಮ ಬೆರಳುಗಳ ಮೇಲೆ ನಂಬಿಕೆ ಇಡಿ. ನೀವು ಕೀಲಿಮಣೆಯ ಮನುಷ್ಯರು, ಮತ್ತು ಇಷ್ಟೆಲ್ಲ ಕದಲಿದರೂ ಕದಲದೆ ಉಳಿದಿರುವುದು ಕೀಲಿಗಳೇ. ವಿಂಡೋಸ್ ಕೀಲಿ ಒತ್ತಿದರೆ ಸ್ಟಾರ್ಟ್ ಪಟ್ಟಿ, ಅದು ಎಡಕ್ಕಿರಲಿ ನಡುವಿರಲಿ. ಅದರ ಜೊತೆ ಇ ಒತ್ತಿದರೆ ಕಡತಗಳ ಕಿಟಕಿ, ಡಿ ಒತ್ತಿದರೆ ಖಾಲಿ ಡೆಸ್ಕ್‌ಟಾಪ್. ವರ್ಷಗಳ ಹಿಂದೆ ಕಲಿತವರಿಗೆ ಇವು ಇಂದಿಗೂ ಹಾಗೆಯೇ ಕೆಲಸ ಮಾಡುತ್ತವೆ. ಕಂಟ್ರೋಲ್ ಜೊತೆ ಸಿ, ಎಕ್ಸ್, ವಿ. ಹೆಸರು ಬದಲಿಸಲು ಎಫ್2. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ತೆರೆದಿರುವ ಪ್ರತಿ ಕಡತವೂ ಹೆಸರಿನ ಸಮೇತ ಸಾಲುಗಟ್ಟುತ್ತದೆ. ದಿನಕ್ಕೊಂದರಂತೆ ರೂಢಿಸಿಕೊಂಡರೆ ಮುಂದಿನ ಸಲ ಗುಂಡಿಗಳನ್ನು ಎಲ್ಲಿಗೆ ಒಯ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ವಿಂಡೋಸ್ 11 ಒಂದು ಒಳ್ಳೆಯದನ್ನೂ ಕೊಟ್ಟಿದೆ: ವಿಂಡೋಸ್ ಕೀಲಿಯ ಜೊತೆ ಜೆಡ್ ಒತ್ತಿದರೆ ಪರದೆಯನ್ನು ಹಂಚುವ ಮಾದರಿಗಳು ಬರುತ್ತವೆ. ಎಡಕ್ಕೆ ಪಹಣಿ, ಬಲಕ್ಕೆ ಪತ್ರ ಇಟ್ಟುಕೊಂಡು ಟೈಪ್ ಮಾಡಿ ನೋಡಿ. ನಿಮ್ಮ ಕೆಲಸಕ್ಕೆಂದೇ ಮಾಡಿದಂತಿದೆ.

ಹಳೆಯ ಪತ್ರಗಳು ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದಕ್ಕೆ ಕಾರಣ ಬೇರೆ. ಪತ್ರಗಳು ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಹೊಡೆದ ಪಠ್ಯ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ ಇರುತ್ತದೆ. ಆ ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅಂಗಡಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದ್ದರಿಂದ ನೀವು ಬಳಸುತ್ತಿದ್ದ ಫಾಂಟ್‌ಗಳಲ್ಲಿ ಕೆಲವು ಹೋಗಿವೆ. ಅವನ್ನು ಮತ್ತೆ ಹಾಕುವಾಗ ಒಂದು ಸೂಕ್ಷ್ಮವಿದೆ. ಫಾಂಟ್ ಕಡತದ ಮೇಲೆ ಶಿಫ್ಟ್ ಹಿಡಿದು ಬಲಗುಂಡಿ ಒತ್ತಿ, ಎಲ್ಲ ಬಳಕೆದಾರರಿಗೂ ಅಳವಡಿಸುವ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಎಂಬುದನ್ನೇ ಆರಿಸಿ. ಬರೀ ಇನ್‌ಸ್ಟಾಲ್ ಒತ್ತಿದರೆ ಫಾಂಟ್ ನಿಮ್ಮ ಖಾತೆಗೆ ಮಾತ್ರ ಸೇರುತ್ತದೆ, ಪುಟ ವಿನ್ಯಾಸದ ಪೇಜ್‌ಮೇಕರ್‌ನಂತಹ ಹಳೆಯ ತಂತ್ರಾಂಶಗಳ ಕಣ್ಣಿಗೆ ಬೀಳದೆ ಹೋಗಬಹುದು. ಕಲಬುರಗಿಯ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಫಾಂಟ್ ಹಾಕಿದೆ, ಬರುತ್ತಿಲ್ಲ ಎಂಬ ಗೋಳನ್ನು ಕೇಳಿದ್ದೇನೆ. ಅನೇಕ ಸಲ ಕಾರಣ ಇಷ್ಟೇ ಇರುತ್ತದೆ. ತುಂಗಾ ಫಾಂಟ್ ಬಳಸಿ ಯೂನಿಕೋಡ್‌ನಲ್ಲಿ, ಅಂದರೆ ಫಾಂಟ್ ಬದಲಾದರೂ ಕನ್ನಡವಾಗಿಯೇ ಉಳಿಯುವ ಸಂಕೇತದಲ್ಲಿ, ಮಾಡಿದ ಪತ್ರಗಳ ರೂಪ ಬದಲಾಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ, ಕನ್ನಡದ ಪೂರಕ ಫಾಂಟ್‌ಗಳನ್ನು ಸೇರಿಸಿಕೊಳ್ಳಿ. ವಿಂಡೋಸ್ 10ರಿಂದ ತುಂಗಾ ಅಲ್ಲಿಗೆ ಹೋಗಿದೆ.

ವಿಂಡೋಸ್ 10ಕ್ಕೆ ಮರಳಬಹುದೇ ಎಂಬ ಯೋಚನೆ ನಿಮಗೆ ಬಂದಿರಬಹುದು. ಹಳೆಯದರ ಮೇಲೆಯೇ ಹೊಸದನ್ನು ಏರಿಸಿದ್ದರೆ 10 ದಿನಗಳ ಒಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಹಿಂದಿರುಗಲು ಅವಕಾಶವಿರುತ್ತದೆ. ನಿಮ್ಮಲ್ಲಿ ಎಲ್ಲವನ್ನೂ ಅಳಿಸಿ ಹಾಕಿದ್ದರಿಂದ ಆ ದಾರಿಯಿಲ್ಲ, ಇದ್ದಿದ್ದರೂ ಗಡುವು ಕಳೆದಿದೆ. ಅಲ್ಲದೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಜನರ ಆಧಾರ್ ಸಂಖ್ಯೆ, ಪಹಣಿ, ಸಹಿ ಇರುವ ಯಂತ್ರ ನಿಮ್ಮದು. ಅದಕ್ಕೆ ಭದ್ರತಾ ನವೀಕರಣ ಬೇಕೇ ಬೇಕು.

ಕೊನೆಗೆ, ಸುಮ್ಮನೆ ಸಹಿಸಿಕೊಳ್ಳಬೇಡಿ. 2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದ್ದರು. ಜಗತ್ತಿನ ಬಳಕೆದಾರರು ದೊಡ್ಡ ದನಿಯಲ್ಲಿ ಆಕ್ಷೇಪಿಸಿದರು. ಒಂದೇ ವರ್ಷದಲ್ಲಿ, 8.1ರಲ್ಲಿ, ಗುಂಡಿ ಮರಳಿತು; 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಪಟ್ಟಿಯೂ ಮರಳಿತು. ಈಗ ನಿಮಗೆ ಬೇಕಾಗಿರುವ ಕಡತದ ಹೆಸರುಗಳೂ ಅಷ್ಟೆ: 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಅವನ್ನು ತೋರಿಸುವ ಆಯ್ಕೆಯೇ ಇರಲಿಲ್ಲ, 2023ರಲ್ಲಿ ಮತ್ತೆ ಸೇರಿಸಿದರು. ವಿಂಡೋಸ್ ಕೀಲಿಯ ಜೊತೆ ಎಫ್ ಒತ್ತಿದರೆ ಅಭಿಪ್ರಾಯ ತಿಳಿಸುವ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಅಲ್ಲಿ ಬರೆಯಿರಿ. ಶಹಾಪುರದಲ್ಲಿ ವಾಟ್ನಿ ಪತ್ರ ಟೈಪ್ ಮಾಡುವವರಿಗೆ ಏನು ಬೇಕು ಎಂಬುದು ಶಹಾಪುರದವರು ಹೇಳದೆ ಅವರಿಗೆ ತಿಳಿಯುವ ದಾರಿಯಿಲ್ಲ. ಆ ರಿಪೇರಿ ಅಂಗಡಿಯವರಿಗೂ ಒಂದು ಮಾತು ಹೇಳಿ ಬನ್ನಿ. ಜಗಳಕ್ಕಲ್ಲ, ಮುಂದಿನ ಗಿರಾಕಿಯನ್ನಾದರೂ ಅವರು ಕೇಳಿ ಮಾಡಲಿ ಎಂಬುದಕ್ಕೆ.

ಪ್ರಶ್ನೆ: ನಾನು ಬೀದರ್‌ನಲ್ಲಿ ಪದವಿ ಓದುತ್ತಿದ್ದೇನೆ. ಮನೆಯ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11 ಹಿಡಿಸುವುದಿಲ್ಲ ಎನ್ನುತ್ತದೆ. ಹಿಡಿಸಿದ ಗೆಳೆಯರೂ ಪರದೆ ಬದಲಾದದ್ದಕ್ಕೆ ಬೇಸರಪಡುತ್ತಿದ್ದಾರೆ. ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆಗೆ ಹೋದರೆ ಈ ಕಿರಿಕಿರಿ ಇರುವುದಿಲ್ಲವೇ? ಕನ್ನಡ ಟೈಪಿಂಗ್ ಸಿಗುತ್ತದೆಯೇ?

– ವಿದ್ಯಾರ್ಥಿನಿ, ಬೀದರ್

ಉತ್ತರ: ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಿಮ್ಮ ಯಂತ್ರ ಅದಕ್ಕೂ ಹಿಂದಿನದಿರಬೇಕು. ಲಿನಕ್ಸ್ ಅದರಲ್ಲಿ ಚೆನ್ನಾಗಿಯೇ ಓಡೀತು.

ಆದರೆ ಅಲ್ಲಿ ಈ ನೋವೇ ಇಲ್ಲ ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. 2011ರ ಏಪ್ರಿಲ್ ತಿಂಗಳನ್ನು ನಾನು ಮರೆತಿಲ್ಲ. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ 3ನೇ ಆವೃತ್ತಿ ಆ ತಿಂಗಳು ಬಂದಿತು, ಹಳೆಯ ಪಟ್ಟಿಗಳೆಲ್ಲ ಹೋದವು. ಅದೇ ತಿಂಗಳ ಕೊನೆಗೆ, ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ 11.04 ಆವೃತ್ತಿಯಲ್ಲಿ ಯೂನಿಟಿ ಎಂಬ ಬೇರೆಯೇ ರೂಪ. ಚಿಹ್ನೆಗಳ ಸಾಲು ಎಡ ಅಂಚಿಗೆ, ಕಿಟಕಿಯ ಪಟ್ಟಿ ಪರದೆಯ ತುದಿಗೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3ರ ಮೇಲೆ ಬೇಸರಗೊಂಡು ಆ ವರ್ಷ ಎಕ್ಸ್‌ಎಫ್‌ಸಿಇ ಎಂಬ ಸರಳ ಡೆಸ್ಕ್‌ಟಾಪ್‌ಗೆ ಹೋದರು. ನಾನೂ ಆ ಬೇಸಿಗೆಯಲ್ಲಿ ಅದಕ್ಕೇ ಹೋದೆ, ವರ್ಷಗಟ್ಟಲೆ ಅಲ್ಲೇ ಇದ್ದೆ.

ಅಲ್ಲಿನ ವ್ಯತ್ಯಾಸವೆಂದರೆ, ಹಳೆಯ ರೂಪ ಬೇಕೆಂದವರು ಕಾಯಬೇಕಾಗಲಿಲ್ಲ. ಅರ್ಜೆಂಟೀನಾದ ಬಳಕೆದಾರರೊಬ್ಬರು ಹಳೆಯ ಗ್ನೋಮ್ 2ರ ಸಂಕೇತವನ್ನೇ ತೆಗೆದುಕೊಂಡು ಮಾಟೆ ಎಂಬ ಡೆಸ್ಕ್‌ಟಾಪ್ ಆರಂಭಿಸಿದರು. ದಕ್ಷಿಣ ಅಮೆರಿಕದ ಒಂದು ಗಿಡದ ಎಲೆಯಿಂದ ಮಾಡುವ ಪೇಯದ ಹೆಸರು ಅದು. ಲಿನಕ್ಸ್‌ನ ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್‌ನ ತಂಡ ಸಿನ್ನಮನ್ ಎಂಬ ಡೆಸ್ಕ್‌ಟಾಪ್ ಕಟ್ಟಿತು. ಎರಡೂ ಇಂದಿಗೂ ಜೀವಂತವಾಗಿವೆ. ಉಬುಂಟು 2017ರ ಅಕ್ಟೋಬರ್‌ನ 17.10ರಲ್ಲಿ ಯೂನಿಟಿಯನ್ನು ಬಿಟ್ಟು ಗ್ನೋಮ್‌ಗೆ ಮರಳಿತು, ಆದರೆ ಮಾಟೆ ಬಳಸುತ್ತಿದ್ದವರ ಪರದೆಯಲ್ಲಿ ಅದರಿಂದ ಒಂದು ಚಿಹ್ನೆಯೂ ಅಲುಗಲಿಲ್ಲ. ನಿಮಗೆ ನನ್ನ ಸಲಹೆ ಲಿನಕ್ಸ್ ಮಿಂಟ್, ಅದರಲ್ಲಿ ಎಕ್ಸ್‌ಎಫ್‌ಸಿಇ ಇರುವ ಪ್ರತಿ. ಹಳೆಯ ಯಂತ್ರಕ್ಕೆ ಹಗುರ. ಪೆನ್‌ಡ್ರೈವ್‌ನಿಂದಲೇ ಓಡಿಸಿ ಒಂದು ವಾರ ನೋಡಿ, ಹಿಡಿಸಿದರೆ ಮಾತ್ರ ಅಳವಡಿಸಿ.

ಕನ್ನಡಕ್ಕೆ ತೊಂದರೆಯಿಲ್ಲ. ಐಬಸ್ ಎಂಬ ಸಾಧನದ ಜೊತೆ ಎಂ17ಎನ್ ಪೊಟ್ಟಣ ಹಾಕಿಕೊಂಡರೆ ಕನ್ನಡದ ಹಲವು ವಿನ್ಯಾಸಗಳು ಬರುತ್ತವೆ. ಅದರಲ್ಲಿ ಕೆಜಿಪಿ ಎಂದಿರುವುದು ನಮ್ಮ ಕೆ.ಪಿ. ರಾವ್ ವಿನ್ಯಾಸ. ಪಠ್ಯವೆಲ್ಲ ಯೂನಿಕೋಡ್ ಆಗಿರುತ್ತದೆ. ನಿಮ್ಮ ಕಾಲೇಜಿನಲ್ಲಿ ನುಡಿಯ ಹಳೆಯ ಫಾಂಟ್‌ನಲ್ಲೇ ಪ್ರಬಂಧ ಕೇಳುತ್ತಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಹಾಗಿದ್ದರೆ ಪರಿವರ್ತಿಸುವ ಕೆಲಸ ಹೆಚ್ಚುತ್ತದೆ, ಆಗ ವಿಂಡೋಸ್ ಇರುವ ಒಂದು ಯಂತ್ರ ಕೈಗೆಟುಕುವಂತಿರಬೇಕು.

ಪ್ರಶ್ನೆ: ಪ್ರತಿ ಸಲ ಅಪ್‌ಡೇಟ್ ಆದಾಗ ಏನಾದರೂ ಬದಲಾಗಿರುತ್ತದೆ. ನನ್ನದು ಕಿರಾಣಿ ಅಂಗಡಿ, ಬಿಲ್ ಮಾಡಲು ಮಾತ್ರ ಕಂಪ್ಯೂಟರ್ ಬೇಕು. ಅಪ್‌ಡೇಟ್ ಅನ್ನೇ ಶಾಶ್ವತವಾಗಿ ನಿಲ್ಲಿಸಿಬಿಟ್ಟರೆ?

– ಓದುಗರೊಬ್ಬರು, ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ನಿಲ್ಲಿಸಬೇಡಿ. ನಿಮ್ಮ ಬೇಸರ ನ್ಯಾಯವಾದದ್ದು, ಆದರೆ ಪರಿಹಾರ ಅದಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹಾವಳಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ನವೀಕರಣ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಉದ್ರಿ ಲೆಕ್ಕವೆಲ್ಲ ಆ ಯಂತ್ರದಲ್ಲೇ ಇದ್ದರೆ ಅದು ಹೋದ ದಿನ ಯಾರು ಎಷ್ಟು ಕೊಡಬೇಕು ಎಂದು ಯಾರನ್ನು ಕೇಳುತ್ತೀರಿ?

ಮುಂದೂಡಲು ಮಾತ್ರ ಅವಕಾಶವಿದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಪಾಜ್ ಒತ್ತಿ ಐದು ವಾರದವರೆಗೆ ತಡೆಯಬಹುದು. ಜಾತ್ರೆ, ಹಬ್ಬ, ತೊಗರಿ ರಾಶಿಯಾಗಿ ರೈತರ ಕೈಗೆ ಹಣ ಬಂದು ಅಂಗಡಿ ತುಂಬುವ ದಿನಗಳಲ್ಲಿ ಹಾಗೆ ತಡೆದಿಟ್ಟುಕೊಳ್ಳಿ, ವ್ಯಾಪಾರ ತೆಳುವಾದ ವಾರದಲ್ಲಿ ಹಾಕಿಕೊಳ್ಳಿ. ಹಾಕುವ ಮುನ್ನ ಬಿಲ್ ತಂತ್ರಾಂಶದಲ್ಲಿರುವ ಲೆಕ್ಕದ ಪ್ರತಿ ಪೆನ್‌ಡ್ರೈವ್‌ಗೆ ಹೋಗಿರಬೇಕು. ಜೊತೆಗೆ ಮೊಬೈಲ್‌ನಲ್ಲಿ ಪರದೆಯ ಎರಡು ಫೋಟೊ ತೆಗೆದುಕೊಳ್ಳಿ, ಒಂದು ಡೆಸ್ಕ್‌ಟಾಪ್‌ನದು, ಇನ್ನೊಂದು ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಪುಟದ್ದು. ಮರುದಿನ ಏನಾದರೂ ಜಾಗ ಬಿಟ್ಟು ಕದಲಿದ್ದರೆ ಆ ಫೋಟೊ ನೋಡಿ ಒಂದೊಂದಾಗಿ ಮರಳಿ ಇಡಬಹುದು; ರಿಪೇರಿಯವರನ್ನು ಕರೆದರೂ ಬಾಯಿಮಾತಿನಲ್ಲಿ ವಿವರಿಸುವ ಬದಲು ಹೀಗೆ ಇತ್ತು, ಹೀಗೇ ಬೇಕು ಎಂದು ಅದನ್ನೇ ತೋರಿಸಬಹುದು.